ತಾಮ್ರದ ಮೇಲೆ ಉಳಿದವರು

ಹಲಸಿಗೆ ಹೋಗುವವರು ಸಾಮಾನ್ಯವಾಗಿ ಭೂವರಾಹನ ದರ್ಶನಕ್ಕೆ ಹೋಗುತ್ತಾರೆ. ಇತಿಹಾಸದ ಮೇಷ್ಟ್ರುಗಳು ಕದಂಬರ ಬೆನ್ನು ಹತ್ತಿ ಹೋಗುತ್ತಾರೆ. ಮಳೆಗಾಲದಲ್ಲಿ ಬೆಳಗಾವಿಯ ಕಾಲೇಜು ಹುಡುಗರು ಬೈಕು ಹತ್ತಿ ಹೋಗಿ ರೀಲ್ಸ್ ಮಾಡಿಕೊಂಡು ಬರುತ್ತಾರೆ. ನನ್ನ ಹುಚ್ಚು ಬೇರೆ. ಫೋಟೋಗ್ರಫಿ ಹುಟ್ಟಿದ ಮೊದಲ ಒಂದೆರಡು ದಶಕಗಳಲ್ಲಿ ತೆಗೆದ ಭಾವಚಿತ್ರಗಳೆಂದರೆ ನನಗೆ ಊಟ ನಿದ್ದೆ ಬೇಡ. ಹೆಸರು ಕುಲ ಗೊತ್ತಿಲ್ಲದ ಯಾರದೋ ಅಜ್ಜ, ಯಾರದೋ ಮಗಳು ನೂರೆಂಬತ್ತು ವರ್ಷಗಳ ಆಚೆಯಿಂದ ನೇರ ಕಣ್ಣಿಗೆ ಕಣ್ಣಿಟ್ಟು ನೋಡುತ್ತಾರೆ. ನೋಡಿದವನಿಗೆ ಅಲ್ಲಿಂದ ಎದ್ದು ಹೋಗಲು ಆಗುವುದಿಲ್ಲ. ಇಂಥ ಹುಚ್ಚಿನವನಿಗೆ ಐದನೇ ಶತಮಾನದ ಊರಿನಲ್ಲಿ ಏನು ಕೆಲಸ ಎಂದು ಬೆಳಗಾವಿಯ ಗೆಳೆಯರು ನಕ್ಕರು. ಹಲಸಿಯಲ್ಲಿ ಹೆಸರುಗಳ ರಾಶಿ ಇದೆ, ಮುಖ ಒಂದೂ ಇಲ್ಲ. ನನಗೆ ಬೇಕಾಗಿದ್ದದ್ದೂ ಅದೇ. ಮುಖವೇ ಇಲ್ಲದ ಕಡೆ ಹೋಗಿ ನಿಂತರೆ, ಮುಖ ಮೊದಲ ಸಲ ಸಿಕ್ಕಾಗ ಜನ ಯಾಕೆ ಹಾಗೆ ಬೆರಗಾದರು ಎಂಬುದು ತಿಳಿದೀತು ಎಂದುಕೊಂಡಿದ್ದೆ.

ಬೆಳಗಾವಿಯಿಂದ ಖಾನಾಪುರದವರೆಗೆ ಹೆದ್ದಾರಿ. ಮಲಪ್ರಭೆ ದಾಟಿದ ಮೇಲೆ ದಾರಿ ಕಿರಿದಾಗುತ್ತದೆ, ಕಾಡು ಹತ್ತಿರ ಬರುತ್ತದೆ. ಖಾನಾಪುರದ ಜೇಡಿಮಣ್ಣು ಹೆಂಚಿಗೆ, ಮಡಕೆಗೆ ಹೆಸರಾದದ್ದು. ಕುಂಬಾರಿಕೆ ಕಲಿಸುವ ಕೇಂದ್ರದ ಸಂಸ್ಥೆಯೊಂದು ಈ ಊರಿಗೆ ಬಂದದ್ದೂ ಆ ಮಣ್ಣಿನ ದೆಸೆಯಿಂದಲೇ. ಮುಂದೆ ನಂದಗಡ, ಅದರಾಚೆ ಕಬ್ಬು, ಭತ್ತ, ಗೇರುಮರಗಳ ನಡುವೆ ಹಲಸಿ. ಬಸ್ಸಿನಲ್ಲಿ ಕನ್ನಡದಲ್ಲಿ ಶುರುವಾದ ಮಾತು ಮರಾಠಿಯಲ್ಲಿ ಮುಗಿಯುತ್ತದೆ, ಮರಾಠಿಯಲ್ಲಿ ಶುರುವಾದ ಜಗಳ ಕನ್ನಡದಲ್ಲಿ. ಕಂಡಕ್ಟರ್ ಎರಡರಲ್ಲೂ ಬೈಯುತ್ತಾನೆ.

ಗುಡಿ ಊರಿನ ನಡುವೆಯೇ ಇದೆ. ಗೋವೆಯ ಕದಂಬರ ಶಿವಚಿತ್ತ ಪೆರ್ಮಾಡಿ 1169ರಲ್ಲಿ ಕಟ್ಟಿಸಿದ್ದು. ಮೆಟ್ಟಿಲು ಮೆಟ್ಟಿಲಾಗಿ ಏರುವ ಶಿಖರ, ಒಳಗೆ ಎದುರುಬದುರು ಎರಡು ಗರ್ಭಗುಡಿ. ಒಂದರಲ್ಲಿ ನರಸಿಂಹ, ನಾರಾಯಣ. ಇನ್ನೊಂದರಲ್ಲಿ ಭೂದೇವಿಯನ್ನು ಎತ್ತಿ ಹಿಡಿದ ವರಾಹ. ಈ ವರಾಹನನ್ನು ಮೂರನೇ ವಿಜಯಾದಿತ್ಯ ಕೆಲವು ವರ್ಷಗಳ ನಂತರ, 1186–87ರ ಹೊತ್ತಿಗೆ, ಸ್ಥಾಪಿಸಿದ. ನಡುವಿನ ಮಂಟಪದಲ್ಲಿ ನಿಂತರೆ ಎರಡು ದೇವರ ನೋಟಗಳು ನಮ್ಮನ್ನು ಹಾದು ಪರಸ್ಪರ ಮುಟ್ಟುತ್ತವೆ. ಅಡ್ಡ ನಿಂತ ನಾನು ಸುಮ್ಮನೆ ಪಕ್ಕಕ್ಕೆ ಸರಿದೆ. ಪೂಜಾರಿ ಆರತಿ ಎತ್ತಿದಾಗ ವರಾಹನ ಕರಿಕಲ್ಲಿನ ಕೋರೆ, ಕೆನ್ನೆ, ಮೂತಿ ಒಂದೊಂದಾಗಿ ಬೆಳಕಿಗೆ ಬಂದವು. ದೇವರ ಮುಖಕ್ಕೆ ಶಿಲ್ಪಿ ಅಷ್ಟು ಕಷ್ಟಪಟ್ಟಿದ್ದಾನೆ. ಗುಡಿ ಕಟ್ಟಿಸಿದ ದೊರೆಯ ಮುಖ ಮಾತ್ರ ಎಲ್ಲಿಯೂ ಇಲ್ಲ. ಶಿವಚಿತ್ತನ ಚಿನ್ನದ ನಾಣ್ಯ ತೆಗೆದು ನೋಡಿದರೂ ಒಂದು ಕಡೆ ಸಿಂಹ, ಇನ್ನೊಂದು ಕಡೆ ಸಪ್ತಕೋಟೀಶ್ವರನ ಹೆಸರು. ರೋಮಿನ ದೊರೆಗಳು ನಾಣ್ಯದ ಮೇಲೆ ಮೂಗು ಗಲ್ಲ ಕೆತ್ತಿಸಿಕೊಂಡಂತೆ ನಮ್ಮವರಿಗೆ ಕೆತ್ತಿಸಿಕೊಳ್ಳಬೇಕು ಎನಿಸಲೇ ಇಲ್ಲ.

ಇದಕ್ಕೂ ಏಳು ಶತಮಾನ ಹಿಂದೆ ಈ ಊರು ಪಲಾಶಿಕೆ. ಬನವಾಸಿಯ ಕದಂಬರ ಎರಡನೇ ರಾಜಧಾನಿ. ಊರ ಹೊರಗೆ, ಚಕ್ರತೀರ್ಥ ಎನ್ನುವ ಬಾವಿಯ ಹತ್ತಿರದ ಮಣ್ಣಿನ ದಿಬ್ಬದಲ್ಲಿ 19ನೇ ಶತಮಾನದಲ್ಲಿ ಅವರ ತಾಮ್ರಶಾಸನಗಳು ಸಿಕ್ಕವು. ಏಳು ಶಾಸನ. ಮುಂಬೈ ಸರ್ಕಾರದ ಸಿವಿಲ್ ಅಧಿಕಾರಿ ಜೆ.ಎಫ್. ಫ್ಲೀಟ್ ಅವನ್ನು ಓದಿ 1877ರ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅಚ್ಚು ಹಾಕಿಸಿದ. ಅದರಲ್ಲೊಂದು ಕಾಕುಸ್ಥವರ್ಮನದು. ತನ್ನನ್ನು ಕಾಪಾಡಿದ ಸೇನಾಪತಿ ಶ್ರುತಕೀರ್ತಿಗೆ ಅವನು ಕೊಟ್ಟ ಹೊಲದ ದಾಖಲೆ. ಇನ್ನೊಂದರಲ್ಲಿ ಮೃಗೇಶವರ್ಮ ತೀರಿಹೋದ ತಂದೆಯ ನೆನಪಿಗೆ ಇದೇ ಪಲಾಶಿಕೆಯಲ್ಲಿ ಜಿನಾಲಯ ಕಟ್ಟಿಸಿ, ಯಾಪನೀಯ, ನಿರ್ಗ್ರಂಥ, ಕೂರ್ಚಕ ಪಂಥಗಳಿಗೆ 33 ನಿವರ್ತನ ಭೂಮಿ ಬಿಟ್ಟಿದ್ದಾನೆ. ಅಪ್ಪನ ನೆನಪಿಗೆ ಮಗ ಏನು ಮಾಡಬಹುದು? ಬಸದಿ ಕಟ್ಟಿಸಬಹುದು, ಹೊಲ ಬಿಡಬಹುದು, ಹೆಸರನ್ನು ತಾಮ್ರದ ಮೇಲೆ ಕೊರೆಸಬಹುದು. ಅಪ್ಪನ ಮುಖ ಮಾತ್ರ ಆ ಮಗನ ತಲೆಯಲ್ಲಿ ಇರುವಷ್ಟು ದಿನ. ಮಗನೂ ಹೋದ ಮೇಲೆ ಆ ಮುಖವೂ ಹೋಯಿತು. ಶ್ರುತಕೀರ್ತಿಗೆ ಗಡ್ಡವಿತ್ತೋ, ದೊರೆಯನ್ನು ಕಾಪಾಡುವಾಗ ಆದ ಗಾಯದ ಕಲೆ ಹುಬ್ಬಿನ ಮೇಲೆ ಉಳಿದಿತ್ತೋ. ತಾಮ್ರ ಹೊಲದ ಹೆಸರು ಹೇಳುತ್ತದೆ, ಅದನ್ನು ಹೇಳುವುದಿಲ್ಲ.

ನನಗೆ ಬೆರಗು ಹುಟ್ಟಿಸುವ ಸಂಗತಿಯೆಂದರೆ, ಕೊನೆಗೆ ಮುಖ ನಿಂತದ್ದೂ ತಾಮ್ರದ ಮೇಲೆಯೇ. 1839ರ ಜನವರಿ 7ರಂದು ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯಲ್ಲಿ ಲೂಯಿ ಡಗೇರ್‌ನ ಹೊಸ ವಿದ್ಯೆಯ ಸುದ್ದಿ ಹೊರಬಿತ್ತು. ಆಗಸ್ಟ್ 19ರಂದು ಅದರ ಗುಟ್ಟನ್ನೂ ಬಿಚ್ಚಿ ಹೇಳಲಾಯಿತು. ಬೆಳ್ಳಿಯ ಲೇಪ ಕೊಟ್ಟ ತಾಮ್ರದ ತಗಡನ್ನು ಕನ್ನಡಿಯಾಗುವ ತನಕ ತಿಕ್ಕಬೇಕು. ಅದಕ್ಕೆ ಅಯೋಡಿನ್ ಆವಿ ತಾಗಿಸಬೇಕು, ಕ್ಯಾಮೆರಾದಲ್ಲಿಟ್ಟು ಬೆಳಕು ಕುಡಿಸಬೇಕು, ಆಮೇಲೆ ಕಾಯಿಸಿದ ಪಾದರಸದ ಹೊಗೆ ಹಿಡಿಯಬೇಕು. ಬೆಳಕು ಬಿದ್ದಲ್ಲೆಲ್ಲ ಪಾದರಸ ಕೂತು ಬೆಳ್ಳಗಾಗುತ್ತದೆ, ಚಿತ್ರ ಮೇಲೆ ಬರುತ್ತದೆ. ಇದು ಡಗೆರೊಟೈಪ್. ಒಂದು ತಗಡಿಗೆ ಒಂದೇ ಚಿತ್ರ, ಇನ್ನೊಂದು ಪ್ರತಿ ಇಲ್ಲ. ಕದಂಬರ ತಾಮ್ರ ಹದಿಮೂರು ಹದಿನಾಲ್ಕು ಶತಮಾನ ಮಣ್ಣಲ್ಲಿ ಹೂತರೂ ಅಕ್ಷರ ಬಿಡಲಿಲ್ಲ. ಡಗೇರನ ತಾಮ್ರ ಹಾಗಲ್ಲ. ಮೇಲೆ ಬೆರಳು ಎಳೆದರೆ ಮೂಗು ಅಳಿಸಿಹೋಗುತ್ತದೆ. ಅದಕ್ಕೇ ಗಾಜು ಮುಚ್ಚಿ, ಹಿತ್ತಾಳೆಯ ಅಂಚು ಕಟ್ಟಿ, ಪುಸ್ತಕದಂತೆ ತೆರೆಯುವ ಪುಟ್ಟ ಪೆಟ್ಟಿಗೆಯಲ್ಲಿಟ್ಟು ಕೊಡುತ್ತಿದ್ದರು.

ಅಂಥದ್ದನ್ನು ನಾನು ಹತ್ತಿರದಿಂದ ಕಂಡದ್ದು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿ. ಪೆಟ್ಟಿಗೆ ಅಂಗೈಯಷ್ಟು. ಒಂದು ಮಗ್ಗುಲಿಗೆ ಬಣ್ಣ ಮಾಸಿದ ಮಖಮಲ್ಲು, ಇನ್ನೊಂದು ಮಗ್ಗುಲಿಗೆ ತಗಡು. ಬಗ್ಗಿ ನೋಡಿದರೆ ಮೊದಲು ಕಂಡದ್ದು ನನ್ನದೇ ಮುಖ, ಕನ್ನಡಿ ತಾನೇ. ತಲೆ ಸ್ವಲ್ಪ ಓರೆ ಮಾಡಿದೆ. ನನ್ನ ಮುಖ ಕರಗಿ ಅಲ್ಲೊಬ್ಬಳು ಹೆಂಗಸು ಎದ್ದಳು. ಇನ್ನೂ ಓರೆ ಮಾಡಿದರೆ ಬಿಳಿದೆಲ್ಲ ಕಪ್ಪಾಗಿ ಅವಳೂ ಮರೆಯಾದಳು. ಸರಿಯಾದ ಕೋನ ಒಂದೇ ಒಂದು. ಅಲ್ಲಿ ನಿಂತರೆ ಅವಳ ತೋಳಿನ ಲೇಸಿನ ಒಂದೊಂದು ಎಳೆಯನ್ನೂ ಎಣಿಸಬಹುದು. ಕೆನ್ನೆಗೆ ಯಾರೋ ಕುಂಚದಿಂದ ಗುಲಾಬಿ ಪುಡಿ ಸವರಿದ್ದರು, ಉಂಗುರಕ್ಕೆ ಚಿನ್ನದ ಚುಕ್ಕೆ ಇಟ್ಟಿದ್ದರು. ಪುಸ್ತಕದಲ್ಲಿ ಅಚ್ಚಾದ ಡಗೆರೊಟೈಪ್ ನೋಡಿ ಅದನ್ನೇ ಕಂಡೆ ಎಂದುಕೊಂಡವರ ಮೇಲೆ ನನಗೆ ಅಂದಿನಿಂದ ಕನಿಕರ. ಅಚ್ಚಿನಲ್ಲಿ ಅವಳು ಸಿಗುತ್ತಾಳೆ. ಅವಳನ್ನು ಹುಡುಕುತ್ತ ತಲೆ ಆಡಿಸುವ ನಾವು ಸಿಗುವುದಿಲ್ಲ.

ಮನುಷ್ಯ ಮೊದಲ ಸಲ ಫೋಟೋದಲ್ಲಿ ಸಿಕ್ಕಿದ್ದು ಅವನಿಗೇ ಗೊತ್ತಿಲ್ಲದೆ. 1838ರಲ್ಲಿ ಡಗೇರ್ ಪ್ಯಾರಿಸ್ಸಿನ ಬುಲೆವಾರ್ ದ್ಯು ತಾಂಪ್ಲ್ ಎಂಬ ಬೀದಿಯನ್ನು ಕಿಟಕಿಯಿಂದ ಹಿಡಿದ. ಗಾಡಿ, ಕುದುರೆ, ಜನ ತುಂಬಿದ ಬೀದಿ. ತಗಡು ಬೆಳಕು ಕುಡಿಯಲು ಮಿನಿಟುಗಟ್ಟಲೆ ಬೇಕಿತ್ತು. ಓಡಾಡುವವರು ಯಾರೂ ಅದರ ಮೇಲೆ ನಿಲ್ಲಲಿಲ್ಲ. ನಿಂತದ್ದು ಒಬ್ಬ, ಮೂಲೆಯಲ್ಲಿ ಕಾಲು ಮುಂದೆ ಚಾಚಿ ಬೂಟಿಗೆ ಪಾಲಿಶ್ ಹಾಕಿಸಿಕೊಳ್ಳುತ್ತಿದ್ದವನು, ಜೊತೆಗೆ ಅವನ ಕಾಲ ಬುಡದಲ್ಲಿ ಪಾಲಿಶ್ ಹಾಕುವವನ ಮಬ್ಬು ಆಕಾರ. ಪ್ಯಾರಿಸ್ಸಿನ ಶ್ರೀಮಂತರೆಲ್ಲ ಆವಿಯಾಗಿ ಹೋದ ಆ ಬೀದಿಯಲ್ಲಿ ಉಳಿದವರು ಇವರಿಬ್ಬರು.

ಮರುವರ್ಷ ಅಮೆರಿಕದ ಫಿಲಡೆಲ್ಫಿಯಾದಲ್ಲಿ ರಾಬರ್ಟ್ ಕಾರ್ನೀಲಿಯಸ್ ಎಂಬ 30 ವರ್ಷದ ತರುಣ, ದೀಪ ತಯಾರಿಸುವ ಮನೆತನದವನು, ಅಂಗಡಿಯ ಹಿಂದೆ ಬಿಸಿಲಲ್ಲಿ ಕ್ಯಾಮೆರಾ ಹೂಡಿ, ಮುಚ್ಚಳ ತೆಗೆದು, ಓಡಿಹೋಗಿ ಎದುರಿಗೆ ಕೂತ. ಹತ್ತು ಹದಿನೈದು ನಿಮಿಷ ಅಲ್ಲಾಡದೆ ಕೂತ ಎನ್ನುತ್ತಾರೆ. ಉಳಿದುಬಂದಿರುವ ಮೊದಮೊದಲ ಭಾವಚಿತ್ರಗಳಲ್ಲಿ ಅವನದು ಒಂದು. ಕೆದರಿದ ಕೂದಲು, ಎತ್ತಿದ ಕಾಲರು, ಚೌಕಟ್ಟಿನ ಒಂದು ಬದಿಗೆ ಸರಿದ ಮೈ. ಬೆಳಗಾವಿಯ ಕಾಲೇಜು ರಸ್ತೆಯಲ್ಲಿ ಎದುರಾದರೆ ಯಾರೋ ಇಂಜಿನಿಯರಿಂಗ್ ಹುಡುಗ ಎಂದುಕೊಂಡು ಮುಂದೆ ಹೋಗುತ್ತೀರಿ. 1840ರಲ್ಲಿ ನ್ಯೂಯಾರ್ಕಿನ ಪ್ರೊಫೆಸರ್ ಜಾನ್ ಡ್ರೇಪರ್ ತನ್ನ ಅಕ್ಕ ಡೊರೊಥಿಯನ್ನು ಕೂರಿಸಿದ. ಬೆಳಕು ಬೇಗ ಹಿಡಿಯಲಿ ಎಂದು ಆಕೆಯ ಮುಖಕ್ಕೆ ಹಿಟ್ಟು ಬಳಿದನಂತೆ. ಅದೇ ಹೊತ್ತಿಗೆ ವಿಯೆನ್ನಾದ ಜೋಸೆಫ್ ಪೆಟ್ಸ್‌ವಾಲ್ ಬೆಳಕನ್ನು ಧಾರಾಳವಾಗಿ ಒಳಗೆ ಬಿಡುವ ಹೊಸ ಲೆನ್ಸನ್ನು ರೂಪಿಸಿದ. ನಿಮಿಷಗಳು ಸೆಕೆಂಡುಗಳಿಗೆ ಇಳಿದವು. ಆದರೂ ಕೂತವರ ತಲೆಯ ಹಿಂದೆ ಕಬ್ಬಿಣದ ಇಕ್ಕಳದಂಥ ಆಸರೆ ಇಡುವ ಪದ್ಧತಿ ಬಹಳ ಕಾಲ ಹೋಗಲಿಲ್ಲ.

ಆಗಿನವರು ಯಾಕೆ ನಗುತ್ತಿರಲಿಲ್ಲ ಎಂದು ಎಲ್ಲರೂ ಕೇಳುತ್ತಾರೆ. ಅಷ್ಟು ಹೊತ್ತು ನಗುವನ್ನು ಹಿಡಿದಿಡಲು ಆಗುತ್ತಿರಲಿಲ್ಲ ಎಂಬುದು ಸಿದ್ಧ ಉತ್ತರ. ನಾನೂ ಹಾಗೇ ಹೇಳಿಕೊಂಡು ತಿರುಗಿದವನು. ಇಕ್ಕಳ ಹೋದ ಮೇಲೂ ಜನ ನಗಲಿಲ್ಲ ಎನ್ನುವುದು ಆ ಉತ್ತರಕ್ಕೆ ಸರಿಹೊಂದುವುದಿಲ್ಲ. ಹಲಸಿಯಲ್ಲಿ ಒಬ್ಬ ಆಯಿ ಅದಕ್ಕಿಂತ ಚಲೋ ಉತ್ತರ ಕೊಟ್ಟರು.

ಗುಡಿಯಿಂದ ಹೊರಬಂದು ಒಂದು ಮನೆಯ ಕಟ್ಟೆಯ ಮೇಲೆ ಕೂತಿದ್ದೆ. ನೀರು ಕೇಳಿದೆ, ಚಹಾ ಬಂತು. “ಗುಡಿ ನೋಡಾಕ ಬಂದಿ ಏನ್ ತಮ್ಮಾ?” ಎಂದರು. ಹೌದು ಆಯಿ ಎಂದೆ. ಒಳಗೆ ಪಡಸಾಲೆಯ ಗೋಡೆಯ ಮೇಲೆ ಪಂಢರಪುರದ ವಿಠೋಬ, ಅವನ ಪಕ್ಕ ಸಾಲಾಗಿ ಫೋಟೋಗಳು. ಒಂದರಲ್ಲಿ ಗಂಡ ಹೆಂಡತಿ ಒಟ್ಟಿಗೆ ಕೂತಿದ್ದರು. ಅವರಿಗೆ ಗಾಂಧಿ ಟೋಪಿ, ಇವರಿಗೆ ತಲೆ ತುಂಬ ಸೆರಗು. ಏನೋ ಸರಿಯಿಲ್ಲ ಅನಿಸಿ ಹತ್ತಿರ ಹೋದೆ. ಬೆಳಕು ಅವರಿಗೆ ಎಡಗಡೆಯಿಂದ ಬಿದ್ದಿತ್ತು, ಇವರಿಗೆ ಬಲಗಡೆಯಿಂದ. ಭುಜಗಳ ನಡುವೆ ತೆಳುವಾದ ಬಿಳಿ ಗೆರೆ. ಅವರ ವಯಸ್ಸು ಐವತ್ತು ದಾಟಿದ್ದರೆ ಇವರಿಗೆ ಇನ್ನೂ ಇಪ್ಪತ್ತೈದು.

“ಕೂಡಿ ತಗಿಸಿದ್ದಲ್ಲ ಅದು” ಎಂದರು ಆಯಿ. “ಅವರು ಹ್ವಾದ ಮ್ಯಾಲೆ ಬೆಳಗಾಂವದಾಗ ಕೂಡಿಸಿದ್ದು. ಫೋಟೋ ತಗಿಸಿದ್ರ ಆಯುಷ್ಯ ಕಡಿಮಿ ಆಕ್ಕೈತಿ ಅಂತ ನಮ್ಮ ಅತ್ತಿ ಬಿಡತಿದ್ದಿಲ್ಲ. ಲಗ್ನದಾಗ ಒಮ್ಮಿ ಯಾರೋ ತಗದಿದ್ರು, ಅದರಾಗಿಂದ ನನ್ನ ಕತ್ತರಿಸಿ ಹಚ್ಚ್ಯಾರ.”

ಆಮೇಲೆ ಒಳಗೆ ಹೋಗಿ ಆಧಾರ್ ಕಾರ್ಡು ತಂದು ತೋರಿಸಿದರು. “ಇದ ನೋಡು. ಪೊಲೀಸರು ಹಿಡದ ಕಳ್ಳಿ ಹಂಗ ಕಾಣ್ತೀನಿ. ನಾ ಹ್ವಾದ ಮ್ಯಾಲೆ ಈ ಹುಡುಗೂರು ಇದನ್ನ ದೊಡ್ಡದು ಮಾಡಿಸಿ ಗ್ವಾಡಿಗೆ ತೂಗಹಾಕ್ತಾವ. ನಿನ್ನ ಕಡೆ ಕ್ಯಾಮರಾ ಐತಲ್ಲ, ಒಂದ್ ಚಲೋದು ತಗಿ.”

ತೆಗೆಯುವುದಕ್ಕೆ ಮೊದಲು ನಾನು ಬಹಳ ಹೊತ್ತು ಕಾಯಬೇಕಾಯಿತು. ನೀಲಿ ಇಳಕಲ್ ಸೀರೆ ಉಟ್ಟು ಬಂದರು. ಬೋರಮಾಳ ಸರವನ್ನು ಸೆರಗಿನ ಹೊರಗೆ ಎಳೆದುಕೊಂಡರು. ಕುರ್ಚಿಯನ್ನು ಮೊಮ್ಮಗನಿಂದ ಮೂರು ಕಡೆ ಇರಿಸಿ ನೋಡಿ, ಕೊನೆಗೆ ಗುಡಿಯ ಶಿಖರ ಹಿಂದೆ ಕಾಣುವ ಅಂಗಳದ ಮೂಲೆಯನ್ನೇ ಆರಿಸಿದರು. ಎರಡೂ ಅಂಗೈಗಳನ್ನು ಮೊಣಕಾಲ ಮೇಲೆ ಊರಿ, ಬೆನ್ನು ನೆಟ್ಟಗೆ ಮಾಡಿ, ಲೆನ್ಸಿನ ಒಳಗೇ ಕಣ್ಣು ನೆಟ್ಟರು. ಸ್ವಲ್ಪ ನಗ್ರಿ ಆಯಿ ಎಂದೆ.

“ನಗಾಕ ಏನಾಗೇತಿ? ಸುಮ್ಮ ತಗಿ.”

1843ರಿಂದ 47ರ ನಡುವೆ ಎಡಿನ್‌ಬರೋದ ಡೇವಿಡ್ ಆಕ್ಟೇವಿಯಸ್ ಹಿಲ್ ಮತ್ತು ರಾಬರ್ಟ್ ಆಡಮ್ಸನ್ ಜೋಡಿ ಹತ್ತಿರದ ನ್ಯೂಹೇವನ್ ಎಂಬ ಬೆಸ್ತರ ಕೇರಿಗೆ ಹೋಗಿ ಅಲ್ಲಿಯ ಹೆಂಗಸರನ್ನು ಬಿಸಿಲಲ್ಲಿ ಕೂರಿಸಿ ತೆಗೆದ ಚಿತ್ರಗಳಿವೆ. ಅವು ತಾಮ್ರದವಲ್ಲ, ಇಂಗ್ಲೆಂಡಿನ ವಿಜ್ಞಾನಿ ಟಾಲ್ಬಟ್‌ನ ಕಾಗದದ ವಿಧಾನದವು, ಅಂಚುಗಳು ಮೆತ್ತಗೆ. ಎಲಿಜಬೆತ್ ಜಾನ್‌ಸ್ಟನ್ ಹಾಲ್ ಎಂಬಾಕೆ ಅದರಲ್ಲೊಬ್ಬಳು. ಕೈಯ ಮೇಲೆ ಕೈಯಿಟ್ಟು, ಕಣ್ಣು ಕೆಳಗೆ ಹಾಕಿ ಕೂತಿದ್ದಾಳೆ. ಜರ್ಮನ್ ಲೇಖಕ ವಾಲ್ಟರ್ ಬೆಂಜಮಿನ್ 1931ರಲ್ಲಿ ಫೋಟೋಗ್ರಫಿಯ ಇತಿಹಾಸ ಕುರಿತು ಬರೆಯುವಾಗ ಇವಳಲ್ಲೇ ಸಿಕ್ಕಿಬಿದ್ದ. ಚಿತ್ರ ತೆಗೆದವನ ಕಲೆಯನ್ನೆಲ್ಲ ಕಳೆದರೂ ಅಲ್ಲಿ ಇನ್ನೂ ಏನೋ ಉಳಿಯುತ್ತದೆ, ಅದು ಅಲ್ಲಿ ಬದುಕಿದ್ದವಳ ಹೆಸರೇನೆಂದು ಹಟ ಹಿಡಿದು ಕೇಳುತ್ತದೆ ಎಂಬುದು ಅವನ ಮಾತಿನ ಸಾರ. ನನಗೆ ಅನಿಸುವುದು ಇಷ್ಟು: ಆ ‘ಏನೋ’ ಕೂತವರೇ ಕೊಟ್ಟದ್ದು. ಅವರು ತಮ್ಮ ಮುಖವನ್ನು ತಾವೇ ಕಟ್ಟಿ, ಅಷ್ಟು ಹೊತ್ತು ಹಿಡಿದು, ಎದುರಿನ ಪೆಟ್ಟಿಗೆಗೆ ಒಪ್ಪಿಸಿದರು. ಇಂದು ನಮ್ಮ ಫೋನುಗಳು ಅರೆಕ್ಷಣದಲ್ಲಿ ಕಸಿದುಕೊಳ್ಳುವ ನೂರು ಮುಖಗಳಲ್ಲಿ ಈ ಒಪ್ಪಿಸುವಿಕೆ ಒಂದರಲ್ಲೂ ಇರುವುದಿಲ್ಲ. ನಗು ಬರುವುದು ಯಾರನ್ನಾದರೂ ಕಂಡಾಗ. ಆಯಿ ನೋಡುತ್ತಿದ್ದದ್ದು ತಾವು ಹೋದ ಮೇಲೆ ಆ ಪಡಸಾಲೆಗೆ ಬರುವವರನ್ನು, ಅವರಿನ್ನೂ ಬಂದಿರಲಿಲ್ಲ.

ಹಿಂದಿರುಗುವಾಗ ನಂದಗಡದಲ್ಲಿ ಇಳಿದೆ. ಸಂಗೊಳ್ಳಿ ರಾಯಣ್ಣನನ್ನು ಕಂಪನಿ ಸರ್ಕಾರ 1831ರ ಜನವರಿ 26ರಂದು ಗಲ್ಲಿಗೇರಿಸಿದ್ದು ಇಲ್ಲಿ. ಸಮಾಧಿಯ ಮೇಲೆ ದೊಡ್ಡ ಆಲದ ಮರ. ಮಕ್ಕಳಾಗಲಿ, ಹುಟ್ಟಿದ ಮಗು ರಾಯಣ್ಣನಂತಾಗಲಿ ಎಂದು ಹೆಂಗಸರು ಕೊಂಬೆಗೆ ಪುಟ್ಟ ತೊಟ್ಟಿಲು ಕಟ್ಟುತ್ತಾರೆ. ಹಳೆಯವು ಬಿಸಿಲಿಗೆ ಬಣ್ಣ ಬಿಟ್ಟಿದ್ದವು, ಒಂದೆರಡು ಹೊಸವು.

ರಾಯಣ್ಣ ಬದುಕಿದ್ದಾಗಲೇ, 1826–27ರ ಸುಮಾರಿಗೆ, ಫ್ರಾನ್ಸಿನ ಹಳ್ಳಿಯೊಂದರಲ್ಲಿ ನಿಸೆಫೋರ್ ನಿಯೆಪ್ಸ್ ತನ್ನ ಕಿಟಕಿಯಿಂದ ಕಂಡ ಮಾಳಿಗೆಗಳನ್ನು ತಗಡೊಂದರ ಮೇಲೆ ಬೆಳಕಿನಿಂದಲೇ ಮೂಡಿಸಿದ್ದ. ರಾಯಣ್ಣ ಹೋಗಿ ಎಂಟು ವರ್ಷ ತುಂಬುವುದಕ್ಕೆ ಇನ್ನೂ ಕೆಲವು ದಿನ ಬಾಕಿಯಿದ್ದಾಗ ಡಗೇರನ ಸುದ್ದಿ ಹೊರಬಿತ್ತು. ಬೈಲಹೊಂಗಲದ ಸೆರೆಯಲ್ಲಿ ಕಿತ್ತೂರಿನ ರಾಣಿ ಚೆನ್ನಮ್ಮ ತೀರಿಕೊಂಡದ್ದು 1829ರಲ್ಲಿ. ಅಷ್ಟು ಹತ್ತಿರ ಬಂದು ತಪ್ಪಿಹೋದ ಮುಖಗಳಿವು. ಕದಂಬರ ಶ್ರುತಕೀರ್ತಿಯ ಮುಖ ಸಿಗಲಿಲ್ಲವೆಂದು ಯಾರೂ ಕೊರಗುವುದಿಲ್ಲ. ರಾಯಣ್ಣನದು ಹಾಗಲ್ಲ, ಅವನ ಓರಗೆಯವರು ಎಷ್ಟೋ ಜನ ಜಗತ್ತಿನ ಬೇರೆ ಕಡೆ ಮುದುಕರಾಗಿ ಕ್ಯಾಮೆರಾದ ಮುಂದೆ ಕೂತಿದ್ದಾರೆ. ಅವನಿಗಿಂತ ಎಷ್ಟೋ ಮೊದಲು, 1775ರಲ್ಲಿ ಹುಟ್ಟಿದ ಬಹದ್ದೂರ್ ಷಾ ಜಾಫರ್‌ನ ಫೋಟೋ ಇದೆ.

ರಾಯಣ್ಣನಿಗೆ ಉಳಿದದ್ದು ಹಾಡು. ಹಲಸಿಯ ತಾಮ್ರ ಓದಿದ ಅದೇ ಫ್ಲೀಟ್ ಈ ಸೀಮೆಯ ಲಾವಣಿಗಳನ್ನು ಬರೆಸಿಕೊಂಡು ಪ್ರಕಟಿಸಿದ. ಅದರಲ್ಲಿ ಸಂಗೊಳ್ಳಿ ರಾಯಣ್ಣನದೂ ಇದೆ. ಮುಖದ ಖಾಲಿ ಜಾಗವನ್ನು ಮಾತ್ರ ಸಿನಿಮಾ ತುಂಬಿತು. 1961ರ ‘ಕಿತ್ತೂರು ಚೆನ್ನಮ್ಮ’ ನೋಡಿದ ತಲೆಮಾರಿಗೆ ಚೆನ್ನಮ್ಮ ಎಂದರೆ ಬಿ. ಸರೋಜಾದೇವಿ. 2012ರ ಸಿನಿಮಾ ಬಂದ ಮೇಲೆ ಹುಡುಗರಿಗೆ ರಾಯಣ್ಣ ಎಂದರೆ ದರ್ಶನ್. ಆಲದ ಮರದ ಕೆಳಗೆ ಶಾಲೆಯ ಹುಡುಗನೊಬ್ಬನನ್ನು ರಾಯಣ್ಣ ಹೆಂಗಿದ್ದ ಎಂದು ಕೇಳಿದೆ. ಮೀಸೆಯ ಜಾಗದಲ್ಲಿ ಎರಡೂ ಕಡೆ ಬೆರಳು ತಿರುವಿ ತೋರಿಸಿದ. ಅವನು ಮೀಸೆ ಕಲಿತದ್ದು ಪೋಸ್ಟರಿನಿಂದಲೋ ಊರೂರಿನ ಪ್ರತಿಮೆಯಿಂದಲೋ; ಎರಡಕ್ಕೂ ಮೂಲ ಯಾರದೋ ಊಹೆ. ಊಹೆಯ ಮುಖ ಪೂಜೆಗೆ ಸಾಕು. ಜಾಫರ್‌ನ ಹಳೆಯ ಫೋಟೋ ಮಾಡುವಂತೆ ಅದು ನಮ್ಮನ್ನು ಅಲುಗಾಡಿಸಲಾರದು.

ಆದರೆ ಜಾಫರ್‌ನ ಆ ಫೋಟೋವನ್ನು ನಾನು ಎಂದೂ ಸಂತೋಷದಿಂದ ನೋಡಿದವನಲ್ಲ. 1858ರ ಮೇ. ವಿಚಾರಣೆ ಮುಗಿದು, ದೆಹಲಿಯಲ್ಲಿ ಸೆರೆಯಾಳಾಗಿ ಕೂತ 82 ವರ್ಷದ ಬಾದಶಹ. ಹುಕ್ಕಾ ಪಕ್ಕದಲ್ಲಿದೆ, ಕಣ್ಣು ಎಲ್ಲಿಯೂ ನೆಟ್ಟಿಲ್ಲ. ಅವನು ಕೊಟ್ಟ ಮುಖವಲ್ಲ ಅದು. ನಮ್ಮಲ್ಲಿ ಕ್ಯಾಮೆರಾ ಬಂದ ದಾರಿಯೇ ಬೇರೆ. ಕಲ್ಕತ್ತೆಯ ಅಂಗಡಿ 1840ರ ಜನವರಿಯಲ್ಲೇ ಡಗೆರೊಟೈಪ್ ಸಲಕರಣೆ ಮಾರಾಟಕ್ಕಿಟ್ಟಿತ್ತು. 1854ರಲ್ಲಿ ಮುಂಬೈಯಲ್ಲಿ ಫೋಟೋಗ್ರಫಿಕ್ ಸೊಸೈಟಿ ಹುಟ್ಟಿತು. ಬೆಳಗಾವಿ ಆಗ ಮುಂಬೈ ಪ್ರಾಂತದ್ದು. ಮರುವರ್ಷ ಬಾಂಬೆ ಆರ್ಟಿಲರಿಯ ಥಾಮಸ್ ಬಿಗ್ಸ್ ಸರ್ಕಾರಿ ಫೋಟೋಗ್ರಾಫರ್ ಆಗಿ ಬಿಜಾಪುರ, ಬಾದಾಮಿ, ಐಹೊಳೆ ಸುತ್ತಿದ. ಸೈನ್ಯ ಅವನನ್ನು ವಾಪಸು ಕರೆಸಿಕೊಂಡಾಗ ಡಾಕ್ಟರ್ ಪಿಗೌ ಬಂದ. ಇತ್ತ ಬೇಲೂರು ಹಳೇಬೀಡಿನಲ್ಲಿ ಡಾಕ್ಟರ್ ನೀಲ್. ಈ ಮೂವರ ಚಿತ್ರಗಳು ಧಾರವಾಡ ಮತ್ತು ಮೈಸೂರು ಸೀಮೆಯ ವಾಸ್ತುಶಿಲ್ಪದ ಪುಸ್ತಕವಾಗಿ 1866ರಲ್ಲಿ ಲಂಡನ್ನಿನಲ್ಲಿ ಅಚ್ಚಾದವು. ಸಾಹೇಬರಿಗೆ ಬೇಕಾಗಿದ್ದದ್ದು ಕಲ್ಲು. ಆ ಕಾಲದ ಗುಡಿಯ ಫೋಟೋಗಳಲ್ಲಿ ಕಂಬದ ಎತ್ತರ ತಿಳಿಯಲಿ ಎಂದು ಊರವನೊಬ್ಬನನ್ನು ಜಗಲಿಯ ಮೇಲೆ ಕೂರಿಸುವ ಪರಿಪಾಠವಿತ್ತು. ಭೂತಗನ್ನಡಿ ಹಿಡಿದು ನೋಡಿದರೆ ಅಲ್ಲೊಂದು ರುಮಾಲು, ಅಲುಗಾಡಿ ಮಸುಕಾದ ಒಂದು ಮುಖ. ಅಳತೆಗೋಲಾಗಿ ಸಿಕ್ಕಿಬಿದ್ದ ಆ ಮನುಷ್ಯನನ್ನು ಕಂಡಾಗಲೆಲ್ಲ ನಾನು ಕಂಬ ಬಿಟ್ಟು ಅವನನ್ನೇ ನೋಡುತ್ತೇನೆ.

ಮುಂದೆ 1868ರಿಂದ 75ರವರೆಗೆ ‘ದಿ ಪೀಪಲ್ ಆಫ್ ಇಂಡಿಯಾ’ ಎಂಬ ಎಂಟು ಸಂಪುಟ ಬಂದವು. ಅಲ್ಲಿ ಮುಖ ತುಂಬ ಸ್ಪಷ್ಟ. ಕೆಳಗೆ ಬರೆದದ್ದು ಬಹುಮಟ್ಟಿಗೆ ಜಾತಿ, ಬುಡಕಟ್ಟು, ಊರು. ಹಲಸಿಯ ತಾಮ್ರದಲ್ಲಿ ಸೇನಾಪತಿಗೆ ಹೆಸರಿತ್ತು, ಮುಖವಿರಲಿಲ್ಲ. ಇಲ್ಲಿ ಹೆಚ್ಚಿನವರಿಗೆ ಮುಖವಿದೆ, ಹೆಸರಿಲ್ಲ. ಯಾವುದು ದೊಡ್ಡ ನಷ್ಟ ಎಂದರೆ ನಾನು ಎರಡನೆಯದನ್ನೇ ಹೇಳುತ್ತೇನೆ.

ಬೆಳಗಾವಿಗೆ ಮರಳಿದ ಮೇಲೆ ಕೋಟೆಗೆ ಹೋದೆ. ಕಮಲ ಬಸದಿ ನೋಡಲು ಅಲ್ಲ, ರಾಮಕೃಷ್ಣ ಆಶ್ರಮಕ್ಕೆ. 1892ರ ಅಕ್ಟೋಬರಿನಲ್ಲಿ, ಇನ್ನೂ ಯಾರಿಗೂ ಅಷ್ಟು ಗೊತ್ತಿಲ್ಲದ ಪರಿವ್ರಾಜಕ ವಿವೇಕಾನಂದರು ಈ ಊರಿಗೆ ಬಂದರು. ಮೊದಲು ಕೆಲ ದಿನ ರಿಸಾಲ್ದಾರ ಗಲ್ಲಿಯಲ್ಲಿ ವಕೀಲ ಭಾಟೆ ಅವರ ಮನೆಯಲ್ಲಿ, ಆಮೇಲೆ ಅರಣ್ಯಾಧಿಕಾರಿ ಹರಿಪದ ಮಿತ್ರ ಅವರ ಮನೆಯಲ್ಲಿ ಉಳಿದರು. ಮಿತ್ರರಿಗೆ ಅವರದೊಂದು ಫೋಟೋ ಬೇಕೆಂಬ ಆಸೆ. ಸ್ವಾಮೀಜಿ ಸುಲಭಕ್ಕೆ ಒಪ್ಪಲಿಲ್ಲ. ಮಿತ್ರರು ಬಿಡಲಿಲ್ಲ, ಕೊನೆಗೆ ಒಪ್ಪಿಸಿದರು ಎಂದು ಅವರೇ ನೆನಪಿಸಿಕೊಂಡು ಬರೆದಿದ್ದಾರೆ. ಎಸ್. ಮಹಾದೇವ್ ಅಂಡ್ ಸನ್ ಎಂಬ ಬೆಳಗಾವಿಯ ಸ್ಟುಡಿಯೋ ಆ ಚಿತ್ರ ತೆಗೆಯಿತು.

ಅಷ್ಟು ಹೊತ್ತಿಗೆ ಡಗೇರನ ತಾಮ್ರ ಮೂಲೆ ಸೇರಿ ಎಷ್ಟೋ ಕಾಲವಾಗಿತ್ತು. ಒಣ ಗಾಜಿನ ಪ್ಲೇಟು ಬಂದಿತ್ತು, ಕಣ್ಣು ಮಿಟುಕಿಸುವಷ್ಟರಲ್ಲಿ ಚಿತ್ರ ಹಿಡಿಯುವ ಕಾಲ. ಆದರೂ ಈ ಫೋಟೋವನ್ನು ನಾನು ಆ ಮೊದಲಿನವರ ಸಾಲಿಗೇ ಸೇರಿಸುತ್ತೇನೆ. ಬೇಡವೆಂದವರು ಯೋಚಿಸಿ ಹೂಂ ಎಂದದ್ದು, ಕೂರಿಸಿದವನೂ ಈ ಊರಿನ ಸ್ಟುಡಿಯೋದವನೇ. ಸಾಹೇಬರ ಅಳತೆಗೋಲಾಗಿ ಕೂತವನಿಂದ ಇಲ್ಲಿಗೆ ಬರಲು ಈ ಸೀಮೆಗೆ ನಲವತ್ತು ವರ್ಷವೂ ಹಿಡಿಯಲಿಲ್ಲ. ಮರುವರ್ಷ ಸ್ವಾಮೀಜಿ ಶಿಕಾಗೋಗೆ ಹೋದರು. ಅಲ್ಲಿಯ ಫೋಟೋ ಕ್ಯಾಲೆಂಡರಿನಿಂದ ಕ್ಯಾಲೆಂಡರಿಗೆ ಹಾರಿ ದೇಶದ ಗೋಡೆಗಳನ್ನೆಲ್ಲ ತುಂಬಿತು. ನನಗೆ ಈ ಬೆಳಗಾವಿಯದೇ ಹೆಚ್ಚು ಇಷ್ಟ. ಇಲ್ಲಿ ಅವರಿಗೆ ತಾವು ಯಾರಾಗಲಿದ್ದೇವೆ ಎಂಬುದು ತಿಳಿದಿರಲಿಲ್ಲ.

ಆಯಿಯ ಫೋಟೋ ಅಚ್ಚು ಹಾಕಿಸಬೇಕಿತ್ತು. ಬಸ್‌ಸ್ಟ್ಯಾಂಡ್ ಹತ್ತಿರದ ಸ್ಟುಡಿಯೋದಲ್ಲಿ ಒಬ್ಬ ಹುಡುಗ ಪಾಸ್‌ಪೋರ್ಟ್ ಫೋಟೋಕ್ಕೆ ಕೂತವರಿಗೆ “ನಗಬ್ಯಾಡ್ರಿ, ಅಳ್ಳಾಡಬ್ಯಾಡ್ರಿ, ಸೀದಾ ನೋಡ್ರಿ” ಎನ್ನುತ್ತಿದ್ದ. ಅವರನ್ನು ಕಳಿಸಿ ಆಯಿಯ ಚಿತ್ರವನ್ನು ಪರದೆಯ ಮೇಲೆ ದೊಡ್ಡದು ಮಾಡಿದ.

“ಸುಕ್ಕು ತಗೀಲೇನ್ರಿ? ಹಿಂದ ಈ ಗುಡಿ ಗಿಡಿ ಬ್ಯಾಡ, ನೀಲಿ ಪರದೆ ಹಾಕಿದ್ರ ಮಾಲಿ ಚಂದ ಕಾಣ್ತೈತಿ.”

ಬೇಡ ಎನ್ನಲು ಬಾಯಿ ತೆರೆದೆ. ಫೋಟೋ ನನ್ನದಲ್ಲವಲ್ಲ ಎಂದು ಆಯಿಯ ಮೊಮ್ಮಗನಿಗೆ ಫೋನ್ ಹಚ್ಚಿದೆ. ಅವನು ಅಜ್ಜಿಗೆ ಕೊಟ್ಟ. ಗುಡಿ ಇರಲಿ, ಸುಕ್ಕು ಬೇಕಾದರೆ ಗಲ್ಲದ್ದು ಅಷ್ಟು ತೆಗೆ, ಹಣಿ ಮುಟ್ಟಬ್ಯಾಡ ಅನ್ನು, ಸರ ಚೆನ್ನಾಗಿ ಕಾಣಬೇಕು ಎಂದರು. ಹುಡುಗ ಗಲ್ಲದ ಎರಡು ಗೆರೆ ತೆಳ್ಳಗೆ ಮಾಡಿ, ಬೋರಮಾಳದ ಗುಂಡುಗಳಿಗೆ ಸ್ವಲ್ಪ ಹಳದಿ ಏರಿಸಿದ. ಆಯಿ ಮತ್ತೆ ಫೋನಿನಲ್ಲಿ ಕೇಳಿದರು: ಗಂಡನ ಪಕ್ಕದಲ್ಲಿ ಈಗಿನ ತಮ್ಮನ್ನು ಕೂಡಿಸಲು ಬರುತ್ತದೋ ಹೇಗೆ. ಬರ್ತೈತ್ರಿ ಎಂದ ಹುಡುಗ, ಆದ್ರ ಯಜಮಾನ್ರ ಫೋಟೋ ತರಬೇಕು, ಬೆಳಕು ಎರಡೂ ಒಂದ ಕಡೆಯಿಂದ ಬೀಳೋಹಂಗ ಮಾಡಿಕೊಡ್ತೀನಿ. ಅಲ್ಲಿಯವರೆಗೆ ಈ ಒಂದನ್ನು ಹತ್ತು ಹನ್ನೆರಡರ ಅಳತೆಯಲ್ಲಿ ಕಟ್ಟು ಹಾಕಿಸಿ, ಕಾಗದ ಸುತ್ತಿ, ಹಲಸಿ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟೆ. ಗಾಜು ಐತಿ ನೋಡ್ರಿ ಎಂದೆ. ಅವನು ಅದನ್ನು ತನ್ನ ಸೀಟಿನ ಹಿಂದೆ ನಿಲ್ಲಿಸಿ, ಬೀಳದಂತೆ ಒಂದು ಅಕ್ಕಿಯ ಚೀಲ ಒತ್ತಿಟ್ಟು, ಖಾನಾಪುರ, ನಂದಗಡ ಎಂದು ಕೂಗತೊಡಗಿದ.